ಒಂದೇ ಒಲೆಯ ಮನೆಯ ಅಪರಾಧ

ಹಿರಿಯರ ಭತ್ಯೆ ಮಂಜೂರು ಮಾಡಲೆಂದು ಕುಳಿತು, ಮಾಡದೆಯೇ ಏಳುವ ಮಾನ್ಯರೇ,

ಈಗ ಐದು ಜನರಿರುವ ಒಂದು ಮನೆಗೆ, ಗಂಡ ತೀರಿಕೊಂಡಂದಿನಿಂದ ಇಪ್ಪತ್ನಾಲ್ಕು ವರ್ಷ ಯಜಮಾನಿಯಾಗಿದ್ದವಳು ನಾನು. ವಯಸ್ಸು ಎಪ್ಪತ್ತೊಂದು. ಓದಿದ್ದು ಹತ್ತನೇ ತರಗತಿ, ಅದೂ ಮೊದಲ ದರ್ಜೆಯಲ್ಲಿ. ಗಂಡನ ಹಿಂದೆ ನಿಮ್ಮ ದೇಶಕ್ಕೆ ಬಂದು ಮೂವತ್ತು ವರ್ಷವಾಯಿತು. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ನಿಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದಿದ್ದೇನೆ. ನೀವಾಗಲಿ ನಿಮ್ಮ ಮನೆಯವರಾಗಲಿ ಆ ಆಸ್ಪತ್ರೆಯಲ್ಲಿ ಒಂದು ದಿನ ಮಲಗಿದ್ದರೂ ನನ್ನ ಕೈ ಮಡಿಸಿದ ಬೆಡ್‌ಶೀಟಿನ ಮೇಲೆಯೇ ಮಲಗಿದ್ದೀರಿ. ಅಂಥವಳಿಗೆ ನೀವು ಕಳುಹಿಸಿದ ಉತ್ತರ ಹೀಗಿದೆ: “ಅರ್ಜಿದಾರರು ಮಗನ ಕುಟುಂಬದ ಅವಲಂಬಿತರು. ಪ್ರತ್ಯೇಕ ಅಡುಗೆ ವ್ಯವಸ್ಥೆ ಇರುವುದಿಲ್ಲ. ಭತ್ಯೆಗೆ ಅರ್ಹರಲ್ಲ.” ಅವಲಂಬಿತಳು! ನನ್ನ ಅತ್ತೆ ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಿದ್ದ ಹೆಂಗಸು. ಅವರ ಬಾಯಿಗೂ ಈ ಮಾತು ಬಂದಿರಲಿಲ್ಲ.

ನಾನು ಭಿಕ್ಷೆಗೆ ಬಂದವಳಲ್ಲ. ಮೊದಲ ಒಂಬತ್ತು ವರ್ಷ ದುಡಿಸಿಕೊಂಡದ್ದು ಆಸ್ಪತ್ರೆಯಾದರೂ ಹೆಸರಿಗೆ ಒಬ್ಬ ಗುತ್ತಿಗೆದಾರನಿದ್ದ. ಹೊರಗಿನಿಂದ ಬಂದ ನಮ್ಮಂಥವರ ಹೆಸರನ್ನು ಅವನು ಎಲ್ಲಿಯೂ ಬರೆಸಲಿಲ್ಲ. ಹಾಗಾಗಿ ನಿಮ್ಮ ದಾಖಲೆಯ ಪ್ರಕಾರ ಆ ಒಂಬತ್ತು ವರ್ಷ ಬೆಡ್‌ಶೀಟುಗಳು ತಾವೇ ಒಗೆದುಕೊಂಡು, ತಾವೇ ಮಡಿಸಿಕೊಂಡು, ತಾವೇ ನಡೆದು ವಾರ್ಡಿಗೆ ಹೋಗುತ್ತಿದ್ದವು. ಅರವತ್ತಾರಕ್ಕೆ ಎಲ್ಲರೂ ನಿವೃತ್ತರಾದಾಗ, ನಿನ್ನ ಸೇವೆ ಹದಿನಾರೇ ವರ್ಷ, ಇಪ್ಪತ್ತು ತುಂಬದಿದ್ದರೆ ಏನೂ ಇಲ್ಲ ಎಂದಿರಿ. ಸರಿ, ಎಪ್ಪತ್ತರವರೆಗೆ ನಿಂತೆ. ಬೆಳಗಿನ ಐದಕ್ಕೆ ಕೊಳೆಬಟ್ಟೆಯ ಚೀಲ ಬಿಚ್ಚುವುದು. ಒಳಗೆ ಕತ್ತರಿಯೋ ಸೂಜಿಯೋ, ಕೆಲವೊಮ್ಮೆ ಯಾರದೋ ಕಟ್ಟಿಸಿದ ಹಲ್ಲೋ ಸಿಕ್ಕರೆ ಬೇರೆ ತೆಗೆದಿಡುವುದು. ಬಿಸಿ ಉರುಳೆಗಳ ನಡುವಿನಿಂದ ಹೊರಬರುವ ಬೆಡ್‌ಶೀಟಿನ ಎರಡು ತುದಿ ನಾನು ಹಿಡಿದು, ಇನ್ನೆರಡನ್ನು ಎದುರಿನವಳಿಗೆ ಕೊಟ್ಟು ಮಡಿಸುವುದು. ಕೊನೆಗೊನೆಗೆ ಎದುರು ನಿಲ್ಲುವವರೆಲ್ಲ ಚಿಕ್ಕ ಹುಡುಗಿಯರು. “ಅಜ್ಜಿ, ನೀವು ಸ್ವಲ್ಪ ಕೂತ್ಕೊಳ್ಳಿ” ಅನ್ನುತ್ತಿದ್ದರು. ಒಂದು ದಿನವೂ ಕೂರಲಿಲ್ಲ. ಇಷ್ಟಾದ ಮೇಲೆ ಬಂದ ಪಿಂಚಣಿ ಬಸ್ ಪಾಸಿಗೂ ಮಂಡಿನೋವಿನ ಮಾತ್ರೆಗೂ ಸರಿಹೋಗುತ್ತದೆ. ಇಷ್ಟು ಕಡಿಮೆ ಬರುವವರಿಗೆಂದೇ ಭತ್ಯೆಯಿದೆ, ಅರ್ಜಿ ಹಾಕಿ ಎಂದದ್ದು ನಿಮ್ಮದೇ ಕಚೇರಿಯ ಮೂರನೇ ಕಿಟಕಿಯಾಕೆ. ಹಾಕಿದೆ.

ಯಾಕೆ ಬೇಕಿತ್ತು ಎಂದು ಕೇಳುತ್ತೀರೇನೋ. ಹೋದ ವರ್ಷ ನನ್ನ ಕನ್ನಡಕದ ಕಡ್ಡಿ ಮುರಿಯಿತು. ಮಗ ಒಳ್ಳೆಯವನು, ಸಿಟಿ ಬಸ್ ಓಡಿಸುತ್ತಾನೆ, ಕೇಳಿದ್ದಕ್ಕೆ ಇಲ್ಲ ಅಂದವನಲ್ಲ. “ಎಷ್ಟಾಗುತ್ತಮ್ಮ?” ಎಂದು ಜೇಬಿಗೆ ಕೈ ಹಾಕಿದ. ಅಷ್ಟೇ. ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅವನ ಸ್ಕೂಲ್ ಶೂಗಳಿಗೆ ಹಾಗೆಯೇ ಜೇಬಿಗೆ ಕೈ ಹಾಕುತ್ತಿದ್ದವಳು ನಾನು. “ಬೇಡ ಬಿಡು, ದಾರ ಕಟ್ಟಿದರೆ ಸಾಕು” ಎಂದೆ. ದಾರ ಕಟ್ಟಿದ ಕನ್ನಡಕದಲ್ಲಿಯೇ ನಿಮ್ಮ ಹದಿನಾಲ್ಕು ಪುಟದ ಅರ್ಜಿಯನ್ನು ಓದಿದ್ದೇನೆ.

ಅರ್ಜಿ ಮುಟ್ಟಿದ ಮೇಲೆ ನೀವು ಮೊದಲು ಕೇಳಿದ್ದು, ಹುಟ್ಟಿದ ದೇಶದಿಂದ ನನಗೆ ಯಾವ ಪಿಂಚಣಿಯೂ ಬರುವುದಿಲ್ಲ ಎಂಬ ಪ್ರಮಾಣಪತ್ರ. ಇಲ್ಲದ್ದು ಇಲ್ಲ ಎಂಬುದಕ್ಕೆ ಮೊಹರು! ಅಲ್ಲಿ ನನ್ನ ತಮ್ಮ ಏಳು ತಿಂಗಳು ಅಲೆದ. ಅಲ್ಲಿನ ಗುಮಾಸ್ತ ಅವನಿಗೆ ಹೇಳಿದನಂತೆ: “ರೀ ಸ್ವಾಮಿ, ನಮ್ಮಲ್ಲಿ ಕೆಲಸವೇ ಮಾಡದವರಿಗೆ ಪಿಂಚಣಿ ಇಲ್ಲ ಅಂತ ಬರ್ಕೊಡೋಕೆ ಹೊರಟ್ರೆ, ಊರಿಗೆಲ್ಲಾ ಬರ್ಕೊಡಬೇಕಾಗುತ್ತೆ.” ಕೊನೆಗೆ ಬರೆದುಕೊಟ್ಟ. ನೀವು ಅದನ್ನು ನೋಡಿ, ಮೊಹರು ಮಸುಕಾಗಿದೆ ಎಂದು ವಾಪಸು ಕಳುಹಿಸಿದಿರಿ. ಎರಡನೆಯದನ್ನು ತರಿಸುವಷ್ಟರಲ್ಲಿ ನನಗೆ ಎಪ್ಪತ್ತೊಂದು ತುಂಬಿತು.

ಆಮೇಲೆ ನಿಮ್ಮ ಪರಿಶೀಲಕ ಮನೆಗೆ ಬಂದ. ಸಣ್ಣ ವಯಸ್ಸಿನವನು, ಬಾಗಿಲಲ್ಲೇ ಚಪ್ಪಲಿ ಬಿಡಲೇ ಎಂದು ಕೇಳಿದ, ನನಗೆ ಮೆಚ್ಚಿಗೆಯಾಯಿತು. ಅಡುಗೆಮನೆಯಲ್ಲಿ ನಿಂತು ಒಲೆ ನೋಡಿದ, ಕಪಾಟು ತೆಗೆದ, ತಟ್ಟೆ ಎಣಿಸಿದ. ಲಾಂಡ್ರಿಯಲ್ಲಿ ನಾನು ಕಲಿತ ನಿಮ್ಮ ಭಾಷೆ ಕಚೇರಿಯವರ ವೇಗದ ಮಾತಿಗೆ ಸಾಲದೆಂದು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ನನ್ನ ಸೊಸೆ ರಜೆ ಹಾಕಿ ನಮ್ಮಿಬ್ಬರ ನಡುವೆ ನಿಂತು ಅವನ ಮಾತನ್ನು ನನಗೂ ನನ್ನ ಮಾತನ್ನು ಅವನಿಗೂ ದಾಟಿಸುತ್ತಿದ್ದಳು. ಹದಿನಾರನೇ ಪ್ರಶ್ನೆ ಬಂತು: ಮನೆಯವರೊಂದಿಗೆ ಒಟ್ಟಿಗೆ ಊಟ ಮಾಡುತ್ತೀರಾ?

ಇಲ್ಲಿ ನಾನು ಮೋಸಹೋದೆ, ಮಾನ್ಯರೇ. ನಾನು ಬೆಳೆದ ಕಡೆ ಈ ಪ್ರಶ್ನೆ ಕೇಳುವುದು ಮನೆತನ ಎಂಥದು ಎಂದು ತಿಳಿಯಲು. ಅತ್ತೆ ಸೊಸೆ ಚೆನ್ನಾಗಿದ್ದಾರೋ, ಮಗ ತಾಯಿಯನ್ನು ಮೂಲೆಗೆ ಕೂರಿಸಿದ್ದಾನೋ ಎಂದು ತೂಗಿ ನೋಡಲು. ನನ್ನ ಮಗನ ಮರ್ಯಾದೆ ತಕ್ಕಡಿಯಲ್ಲಿದೆ ಎಂದುಕೊಂಡೆ. ಸೊಸೆಗೆ ವಿಷಯ ಗೊತ್ತಿತ್ತು. ಮುಖದಲ್ಲಿ ನಗು ಇಟ್ಟುಕೊಂಡೇ ಹೇಳಿದಳು:

“ಅತ್ತೆ, ಬೇರೆ ಮಾಡ್ಕೋತೀರಿ ಅಂತ ಹೇಳ್ಲಾ? ಎಲ್ಲರೂ ಹಾಗೇ ಹೇಳೋದು.”

“ಬಾಯಿ ಮುಚ್ಚು. ನನ್ನ ಮನೇಲಿ ಎರಡು ಒಲೆ ಯಾವಾಗ ನೋಡಿದ್ಯೇ ನೀನು?”

“ಅಯ್ಯೋ, ಅವನು ಕೇಳ್ತಿರೋದು ಅದಕ್ಕಲ್ಲ ಅತ್ತೆ...”

“ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳು. ಒಂದೇ ಒಲೆ, ಒಂದೇ ಊಟ. ಇನ್ನೂ ಹೇಳು, ನನ್ನ ಮಗ ಸಂಬಳ ತಂದು ಮೊದಲು ನನ್ನ ಕೈಗೆ ಕೊಡ್ತಾನೆ ಅಂತ.”

ಸೊಸೆ ನನ್ನ ಮುಖ ನೋಡಿದಳು. ಯಾಕೆಂದರೆ ಅದು ಸುಳ್ಳು. ಮದುವೆಗೆ ಮುಂಚೆ ಕೊಡುತ್ತಿದ್ದ; ಆಮೇಲೆ ಅವರವರ ಸಂಸಾರ ಅವರವರಿಗೆ. ಹದಿನೇಳು ವರ್ಷದಿಂದ ಅವನ ಸಂಬಳ ನನ್ನ ಕೈ ಮುಟ್ಟಿಲ್ಲ. ನಿಮ್ಮ ಇಡೀ ಕಡತದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ, ಅದೂ ನನಗೇ ನಷ್ಟ ತರುವ ಸುಳ್ಳು. ಅಂಥ ಸುಳ್ಳನ್ನು ಹಿಡಿಯಲು ನಿಮ್ಮಲ್ಲಿ ಯಾವ ನಿಯಮವೂ ಇಲ್ಲ, ಅಲ್ಲವೇ? ಸೊಸೆಗೆ ಗೊತ್ತಿತ್ತು, ಇದನ್ನು ದಾಟಿಸಿದರೆ ಭತ್ಯೆ ಹೋಯಿತೆಂದು. ದಾಟಿಸದಿದ್ದರೆ ಅತ್ತೆಯ ಮಾತು ಮನೆಯೊಳಗೇ ಬಿದ್ದುಹೋಗುತ್ತದೆಂದೂ ಗೊತ್ತಿತ್ತು. ಕಣ್ಣು ಮಿಟುಕಿಸದೆ, ಒಂದಕ್ಷರ ಬಿಡದೆ ದಾಟಿಸಿದಳು. ಪರಿಶೀಲಕ ಬರೆದುಕೊಂಡ. ಅವಳು ನನ್ನ ಮಾನ ಉಳಿಸಿದಳು, ಅವನು ನನ್ನ ಭತ್ಯೆ ಕಳೆದ.

ನಿಮ್ಮ ಉತ್ತರದ ಕೊನೆಯ ಸಾಲಿನಲ್ಲಿ ಒಂದು ಉಪಕಾರವೂ ಇತ್ತು. ಪ್ರತ್ಯೇಕವಾಗಿ ಅಡುಗೆ ಮಾಡಿ ಉಣ್ಣಲು ಆರಂಭಿಸಿದರೆ ಮತ್ತೆ ಅರ್ಜಿ ಹಾಕಬಹುದಂತೆ. ಓದಿದ ಸಂಜೆಯೇ ಸೊಸೆ ಒಂಟಿ ಬರ್ನರಿನ ಕರೆಂಟ್ ಒಲೆ ತಂದು, ಬಟ್ಟೆ ಮೆಷಿನ್ ಇರುವ ಹಿಂದಿನ ಕೋಣೆಯಲ್ಲಿ ಇಟ್ಟಳು.

“ಹಚ್ಚೋದೇನೂ ಬೇಡ ಅತ್ತೆ. ಸುಮ್ನೆ ಇರಲಿ. ಅವರು ಬಂದಾಗ ಮೇಲೊಂದು ಪಾತ್ರೆ ಇಟ್ರಾಯ್ತು.”

“ಹಚ್ಚದ ಒಲೆ ಮುಂದೆ ನಿಂತು ಉಂಡೆ ಅಂತ ಹೇಳ್ಲಾ?”

“ಹೇಳ್ಬೇಕಾದವಳು ನಾನು ತಾನೇ. ನೀವು ಬರೀ ನಿಂತಿರಿ.”

ತೋರಿಕೆಯ ಒಲೆ ಬೇಡ, ಇಟ್ಟಮೇಲೆ ನಿಜವಾಗಿಯೇ ಹಚ್ಚುತ್ತೇನೆ ಎಂದು ಹಟ ಹಿಡಿದೆ. ಒಂದು ದಿನ ಹಚ್ಚಿದೆ. ಒಬ್ಬಳಿಗೆ ಅಡುಗೆ ಮಾಡಿ ಅಳತೆ ಗೊತ್ತಿಲ್ಲ, ಮೂವರಿಗಾಗುವಷ್ಟು ಆಯಿತು. ಬಟ್ಟೆ ಮೆಷಿನ್ನಿನ ಮೇಲೆ ತಟ್ಟೆ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಕುಳಿತೆ. ಬಾಗಿಲಾಚೆ ನಾಲ್ಕು ತಟ್ಟೆಗಳ ಸದ್ದು. ಆಮೇಲೆ ಚಿಕ್ಕ ಮೊಮ್ಮಗಳು ಕೇಳಿದಳು: “ಅಮ್ಮ, ಅಜ್ಜಿ ನಮ್ಮ ಜೊತೆ ಟೂ ಬಿಟ್ಟಿದಾರಾ?” ನಾನು ಬೆಂದದ್ದನ್ನು ಬೆಂದ ಹಾಗೆಯೇ ಪಾತ್ರೆಯಲ್ಲಿ ಹೊತ್ತುಕೊಂಡು ಈಚೆ ಬಂದು, ಅವಳ ತಟ್ಟೆಗೆ ಬಡಿಸಿದೆ.

ನಮ್ಮ ಮಾತಿನಲ್ಲಿ ಒಲೆ ಬೇರೆಯಾಯಿತು ಎಂದರೆ ಮನೆ ಒಡೆಯಿತು ಎಂದರ್ಥ. ಅಣ್ಣತಮ್ಮಂದಿರು ಆಸ್ತಿಗೆ ಹೊಡೆದಾಡಿ ಕೊನೆಗೆ ಮಾಡುವ ಕೆಲಸ ಅದು. ನೀವು ಅದನ್ನು ಒಂದು ಫಾರಮ್ಮಿನಲ್ಲಿ, ಜಗಳವೇ ಇಲ್ಲದೆ, ಮಾಡಿಸುತ್ತೀರಿ! ಒಂದು ಪ್ರಶ್ನೆ ಕೇಳಲೇ? ನನ್ನ ಜೊತೆ ಬೆಡ್‌ಶೀಟು ಮಡಿಸುತ್ತಿದ್ದ ನಿಮ್ಮ ದೇಶದವಳೇ ಒಬ್ಬಳಿದ್ದಾಳೆ. ಅವಳ ಮಗ ಅವಳನ್ನು ನೋಡಿ ಮೂರು ವರ್ಷವಾಯಿತು. ಅವಳಿಗೆ ಭತ್ಯೆ ಪೂರ್ತಿ ಬರುತ್ತದೆ. ಬರಲಿ, ಪಾಪ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮಕ್ಕಳು ಬಿಟ್ಟುಹೋದ ತಾಯಿ ಸ್ವತಂತ್ರಳು, ಮಕ್ಕಳು ಬಿಡದ ತಾಯಿ ಅವಲಂಬಿತಳು ಎಂಬ ಈ ಬುದ್ಧಿ ನಿಮಗೆ ಯಾವ ಶಾಲೆಯಲ್ಲಿ ಹೇಳಿಕೊಟ್ಟರು? ನಾನು ಹತ್ತನೆಯವರೆಗೆ ಓದಿದ್ದೇನೆ. ಅಷ್ಟರಲ್ಲಿ ಈ ಪಾಠ ಬಂದಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಭತ್ಯೆಯದಲ್ಲ. ಆ ಹದಿನಾರನೇ ಪ್ರಶ್ನೆಯನ್ನು ಪರಿಶೀಲಕರ ಪಟ್ಟಿಯಿಂದ ತೆಗೆದುಹಾಕಿ, ನನ್ನ ಹಿಂದೆ ಸಾಲಿನಲ್ಲಿ ನಿಂತವರಿಗಾದರೂ ಉಪಕಾರವಾಗಲಿ. ನನ್ನ ಕಡತದಲ್ಲಿರುವ ಆ ಒಂದು ಪದವನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಬರೆದು ತಿಳಿಸಿ. ಮೊಹರು ಮಸುಕಾಗಿದ್ದರೂ ಪರವಾಗಿಲ್ಲ, ನಾನು ವಾಪಸು ಕಳುಹಿಸುವುದಿಲ್ಲ.

ಇನ್ನು ನನ್ನ ವಿಷಯ. ಕರೆಂಟ್ ಒಲೆ ಅಂಗಡಿಗೆ ಮರಳಿತು. ಮತ್ತೆ ಅರ್ಜಿ ಹಾಕುವುದಿಲ್ಲ ಎಂದು ಮೂರನೇ ಕಿಟಕಿಯಲ್ಲಿ ಸಹಿ ಹಾಕಿ ಬಂದಿದ್ದೇನೆ. ಬಸ್ ನಿಲ್ದಾಣದ ಹಿಂದೆ ಹೋಟೆಲುಗಳ ಟವೆಲ್, ಮೇಜುಬಟ್ಟೆ ಒಗೆಯುವ ಒಂದು ಸಣ್ಣ ಲಾಂಡ್ರಿ ಇದೆ. ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈ ವಯಸ್ಸಲ್ಲಿ ಯಾಕಮ್ಮ?” ಎಂದ. “ಮಡಿಸಿ ತೋರಿಸ್ಲಾ, ಮಾತಾಡ್ತಾ ನಿಲ್ಲಲಾ?” ಎಂದೆ. ಒಂದು ಸ್ಟೂಲು ಕೊಟ್ಟ. ಅದರ ಮೇಲೆ ನನ್ನ ಚೀಲ ಇಡುತ್ತೇನೆ.

ಮೊನ್ನೆ ಮೊದಲ ಸಂಬಳ ಬಂತು. ಕನ್ನಡಕಕ್ಕೆ ಬೇಕಾದದ್ದನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಸೊಸೆಯ ಕೈಗೆ ಕೊಟ್ಟೆ. ಜೊತೆಗೆ ಇಷ್ಟು ವರ್ಷ ನನ್ನ ಬಳಿಯೇ ಇದ್ದ ಕಪಾಟಿನ ಬೀಗದ ಕೈ.

“ಇದೇನತ್ತೆ ಇದು?”

“ಇಟ್ಕೋ. ದುಡಿದವರು ತಂದು ಮನೆ ಯಜಮಾನಿ ಕೈಗೆ ಕೊಡ್ತಾರೆ ಅಂತ ಅವತ್ತು ಬರೆಸಿದೀವಲ್ಲ. ಸರ್ಕಾರದ ಕಡತದಲ್ಲಿ ಸುಳ್ಳು ಇರಬಾರದು.”

ಇಂತಿ, ನಿಮ್ಮ ಕೃಪೆಯಿಂದ ಎಪ್ಪತ್ತೊಂದರಲ್ಲಿ ಕೆಲಸಕ್ಕೆ ಸೇರಿ, ಯಜಮಾನಿಕೆಯಿಂದ ಮಾತ್ರ ನಿವೃತ್ತಳಾದ ಒಬ್ಬ ಅತ್ತೆ