ವಾಸನೆ ಬಾರದವಳು

೬ ಜನವರಿ
ಐದೂವರೆಗೆ ಅತ್ತೆಯ ಹಾಸಿಗೆ ಬದಲಿಸಿದೆ. ಎಂಟಕ್ಕೆ ಮತ್ತೆ. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮೂರು ವರ್ಷ. ನೆಗೆಣ್ಣಿ ನಿಖಿತಾ ದುಪಟ್ಟಾ ಮೂಗಿಗೆ ಒತ್ತಿಕೊಂಡು ಆಫೀಸಿಗೆ ಓಡಿದಳು. ನನಗೆ ವಾಸನೆ ಬರುವುದಿಲ್ಲ, ಹಾಗಾಗಿ ಕೆಲಸ ನನ್ನದು. ಮೂಗಿನೊಳಗಿನ ಗೋಡೆ ಡೊಂಕು... ಬಾಯಲ್ಲೇ ಉಸಿರು, ಕೂತೇ ನಿದ್ದೆ.

೯ ಜನವರಿ
ಆಪರೇಷನ್ ಮಾತೆತ್ತಿದೆ. ಇವರು ನೇರವಾಗಿಯೇ ಕೇಳಿದರು: "ಮೂಗು ಬಿಚ್ಚಿ ವಾಸನೀನೂ ಬರಾಕ ಹತ್ತಿದ್ರ ಅವ್ವನ್ನ ಯಾರು ನೋಡ್ತಾರ?"
ಅತ್ತೆ ಒಳಗಿಂದ ಕೂಗಿದರು: "ಮಾಡಿಸ್ಕೊಳ್ಳಲಿ ಬಿಡೋ ಮನೋಹರ. ಆಕಿಗೂ ಜೀವ ಅದ."
ಈ ಮನೆಯಲ್ಲಿ ನನ್ನ ಪರ ಮಾತಾಡುವವರು ಅವರೊಬ್ಬರೇ.

೧೭ ಜನವರಿ
ಹಡಪಸರದ ಆಸ್ಪತ್ರೆ. ಆಯಿತು. ಮೂಗಿನೊಳಗೆ ಎರಡು ಪ್ಲಾಸ್ಟಿಕ್ ಪಟ್ಟಿ. ಎರಡು ವಾರ ಬಗ್ಗಬಾರದು, ಭಾರ ಎತ್ತಬಾರದು. ಇವರು ಡಾಕ್ಟರ ಹತ್ತಿರ ಮರಾಠಿಯಲ್ಲಿ ಚೌಕಾಶಿಗಿಳಿದರು— "ಏಕ್ ಆಠವಡಾ ಚಾಲೇಲ್ ಕಾ?" ಒಂದು ವಾರ ಸಾಲದೇ ಎಂದು! ನನ್ನ ತಂಗಿ ಸಿಟ್ಟಾಗಿ ನನ್ನನ್ನು ವಿಮಾನ ನಗರದ ತನ್ನ ಮನೆಗೆ ಕರೆದೊಯ್ದಳು.

೨೪ ಜನವರಿ
ಪಟ್ಟಿ ತೆಗೆದರು. ಮೂಗಲ್ಲಿ ಉಸಿರು... ಅತ್ತುಬಿಟ್ಟೆ.
ಮನೆಗೆ ಬಂದೆ. ನಾನಿಲ್ಲದಾಗ ಅತ್ತೆಯನ್ನು ನೋಡಿಕೊಳ್ಳಲು ಗೊತ್ತು ಮಾಡಿದ್ದ ಆಯಾ ಎರಡೇ ದಿನಕ್ಕೆ ಬಿಟ್ಟು ಹೋಗಿದ್ದಾಳೆ. ಅತ್ತೆಯ ಬೆನ್ನಲ್ಲಿ ಹೊಸ ಹುಣ್ಣು. ನಾನೇ ಎತ್ತಿ ತೊಳೆದೆ. ಮೂಗಲ್ಲಿ ರಕ್ತ ಬಂತು. ಇವರು ಟಿವಿ ನೋಡುತ್ತಿದ್ದರು.

೮ ಫೆಬ್ರವರಿ
ವಾಸನೆ ಬಂತು! ಮೊದಲು ಒಗ್ಗರಣೆ, ಆಮೇಲೆ ಸೋಪು. ಅದೇ ಖುಷಿಯಲ್ಲಿ ಹೋಗಿ ಅತ್ತೆಯ ಹೊದಿಕೆ ಸರಿಸಿದೆ. ಕೈ ತಾನಾಗಿ ಮೂಗಿಗೆ ಹೋಯಿತು. ಓಕರಿಕೆ. ಅತ್ತೆ ನೋಡಿದರು.
"ವಾಸನಿ ಬಂತೇನವ್ವಾ? ಛಲೋ ಆತು." ಮುಖ ಗೋಡೆಗೆ ತಿರುಗಿಸಿದರು.
ಸಂಜೆ ಇವರಿಗೆ ಹೇಳಿದೆ— ನನಗೂ ಈಗ ನಾತ ಹೊಡೆಯುತ್ತದೆ, ಇನ್ನು ಎಲ್ಲರೂ ಸರದಿ ಪ್ರಕಾರ ಮಾಡಿ. ಮೂರು ವರ್ಷ ಕಾದಿದ್ದ ಮಾತು. ಹೇಳುವಾಗ ಎಷ್ಟು ಹಿತವಾಗಿತ್ತು! ಅತ್ತೆಯ ಬಾಗಿಲು ತೆರೆದೇ ಇತ್ತು. ಗೊತ್ತಿತ್ತು. ದನಿ ಇಳಿಸಲಿಲ್ಲ.

೧೨ ಫೆಬ್ರವರಿ
ಅತ್ತೆ ಉಣ್ಣುತ್ತಿಲ್ಲ, ನಾಲ್ಕು ದಿನ. ಸರದಿಗೆ ಯಾರೂ ಬರಲಿಲ್ಲ; ಆದರೆ ಹಾಸಿಗೆ ಬದಲಿಸುವುದು ಈಗ ದಿನಕ್ಕೆ ಒಂದೇ ಸಲ. ನಿಖಿತಾಗೆ ನಿರಾಳ: "ಈ ವಾರ ಸ್ಮೆಲ್ ಭಾಳ ಕಡಿಮಿ ಅದ ಅಲ್ರಿ ಅಕ್ಕಾ?"
ಗಂಜಿಯ ಚಮಚ ಬಾಯಿಗಿಟ್ಟೆ. ತುಟಿ ಬಿಗಿದರು. ಆಮೇಲೆ ಮೆಲ್ಲಗೆ, "ಉಂಡ್ರ ಮತ್ತ ನೀನ ತೊಳೀಬೇಕಲ್ಲವ್ವಾ."

೧೩ ಫೆಬ್ರವರಿ, ಬೆಳಿಗ್ಗೆ ೬
ನೀರನ್ನೂ ಬಿಟ್ಟಿದ್ದಾರೆ. ಗಂಜಿ ಆರುತ್ತಿದೆ. ಹೇಳಬೇಕು— ಮೂಗು ಮತ್ತೆ ಕಟ್ಟಿದೆ ಅತ್ತೀ, ಏನೂ ವಾಸನೆ ಇಲ್ಲ, ಉಣ್ಣಿರಿ. ನಗುತ್ತಲೇ ಹೇಳಬೇಕು. ಎರಡು ಸಲ ಬಾಗಿಲ ತನಕ ಹೋದೆ. ಎರಡು ಸಲವೂ ಈ ಹಾಳು ಕೈ ಮೂಗಿಗೇ ಹೋಯಿತು.