ಕಟ್ಟೆಯ ಕೆಳಗಿಟ್ಟ ಪಲ್ಲಂಗ

ಸುರಪುರ
೨೪-೩-೧೯೪೯

ಶಹಾಪುರದ ಪಡಸಾಲೆಯಲ್ಲಿ ಕೂಡಿದ ದೈವಕ್ಕೆ, ನೆರೆದ ಮಂದಿಗೆಲ್ಲ, ಸುರಪುರದ ಲಿಂಗಣ್ಣನ ಶರಣು. ಅತ್ತೆ ಸುಗಲಮ್ಮನವರೇ, ಅಳಿಯನ ಪತ್ರ ಬಂತೆಂದು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದ ಓಣಿಯ ತಾಯಂದಿರೇ, ಕಂಬದ ಮರೆಯಲ್ಲಿ ನಿಂತಿರುವ ಭಾವಮೈದುನ ಭಾಗಣ್ಣನೇ, ಎಲ್ಲರೂ ಮುಂದೆ ಬಂದು ಕೂಡಿರಿ.

ಚಿ. ಸೌ. ಸೂಗಮ್ಮಾ, ನಿನಗೆ ನಿನ್ನ ಗಂಡನ ಆಶೀರ್ವಾದ. ಬಯಲಾಟದ ಪರದೆಯ ಹಿಂದೆ ನಿಂತು ಮರೆತ ಮಾತು ಎತ್ತಿಕೊಡಲೆಂದು ನಾನೇ ನಿನಗೆ ಅಕ್ಷರ ಕಲಿಸಿದೆ. ಆ ಓದು ಇಂದು ಕೆಲಸಕ್ಕೆ ಬರಲಿ. ಜೋರಾಗಿ ಓದು. ಹಿಂದೆ ಕೂತವರಿಗೂ ಕೇಳಬೇಕು.

ನಾನು ಸಿಟ್ಟಿನಲ್ಲಿದ್ದೇನೆ. ಲಿಂಗಣ್ಣನ ಸಿಟ್ಟು ಇಳಿದಿದೆ ಎಂದು ಯಾರಾದರೂ ಬಂದು ಹೇಳಿದ್ದರೆ ಅವರು ಸುಳ್ಳರು. ಯುಗಾದಿಗೆ ಮನೆ ಹಸನು ಮಾಡುವುದು ಬೇಡವೆಂದು ನಾನು ಎಂದಾದರೂ ಅಂದೆನೇ? ನಾನು ಸೈದಾಪುರದ ಹುಡುಗರಿಗೆ ಬಯಲಾಟ ಕಲಿಸಲು ಹೋದದ್ದೇ ತಡ, ಅಕ್ಕ ತಮ್ಮ ಇಬ್ಬರೂ ಸೇರಿ ಅಟ್ಟದ ಸಾಮಾನು ಇಳಿಸಿದಿರಿ. ಸರಿ. ಜೇಡ ಹೊಡೆದಿರಿ, ಕೌದಿಗಳನ್ನು ಬಿಸಿಲಿಗೆ ಹಾಕಿದಿರಿ, ಗಡಿಗೆಯಲ್ಲಿ ಸುಣ್ಣ ನೆನೆಹಾಕಿ ಗೋಡೆ ಬಳಿದಿರಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದಿರಿ. ಒಪ್ಪಿದೆ. ತಿರುಗಿ ಬಂದಾಗ ನನ್ನ ಮನೆ ನನಗೇ ಗುರುತು ಸಿಗಲಿಲ್ಲ, ಅಷ್ಟು ಬೆಳ್ಳಗಿತ್ತು. ಒಳಗೆ ಕೆಮ್ಮಿದರೆ ಗೋಡೆ ತಿರುಗಿ ಕೆಮ್ಮುತ್ತಿತ್ತು. ನನ್ನ ನಾರಿನ ಗಡ್ಡ ಹೋಗಿತ್ತು, ಇಲಿ ತಿಂದ ಪರದೆ ಹೋಗಿತ್ತು, ತಗಡಿನ ಖಡ್ಗಗಳು ಹೋಗಿದ್ದವು. ಅವುಗಳಲ್ಲಿ ಒಂದನ್ನು ಹಿಡಿದು ಕುಂಬಾರ ಓಣಿಯ ಕೂಸೊಂದು ಕೋಳಿ ಓಡಿಸುತ್ತಿತ್ತು. ಹೋಗಲಿ ಬಿಡು. ನಾರು ಸಿಕ್ಕರೆ ಗಡ್ಡ ಮತ್ತೆ ಹುಟ್ಟುತ್ತದೆ.

ಆದರೆ ದಾವಲಬೀಯ ಪಲ್ಲಂಗ?

ದೈವದಲ್ಲಿ ತಿಳಿಯದವರಿದ್ದರೆ ಕೇಳಿರಿ. ದಾವಲಬೀ ಮತ್ತು ದಸ್ತಗೀರಸಾಬ ನಮ್ಮ ನೆರೆಯವರು. ನಮ್ಮ ಗೋಡೆಗೆ ಅವರ ಗೋಡೆ. ಹೋದ ವರ್ಷ ನಿಜಾಮರ ರಾಜ್ಯ ಹೋಗಿ ಹಿಂದುಸ್ತಾನದ ಫೌಜು ಬಂದ ಮೇಲೆ ಅಂಜಿಕೆ ನಮ್ಮ ಮನೆಗಳಿಂದ ಮುಸಲ್ಮಾನರ ಮನೆಗಳಿಗೆ ಬಿಡಾರ ಬದಲಿಸಿತು. ಯಾರಿಗೂ ಕೇಡು ಬಗೆಯದ ಆ ಗಂಡಹೆಂಡಿರು ಕೈಗೆ ಸಿಕ್ಕಷ್ಟು ಗಂಟು ಕಟ್ಟಿಕೊಂಡು ಹೈದರಾಬಾದಿನ ನೆಂಟರ ಮನೆಗೆ ಹೋದರು. ಒಯ್ಯಲಾಗದೆ ನಮ್ಮ ನಡುಮನೆಯಲ್ಲಿ ಬಿಟ್ಟದ್ದು ಒಂದೇ, ಅವರ ಮದುವೆಯ ಮಂಚ, ಆ ಪಲ್ಲಂಗ. ಕಾಲುಗಳ ಮೇಲೆ ನಮ್ಮೂರ ಚಿತ್ರಗಾರ ಬರೆದ ಹಸಿರು ಗಿಳಿಗಳಿವೆ. ನೀವು ಬರುವ ತನಕ ಇದಕ್ಕೆ ನಾವು ಹೊಣೆ ಎಂದು ನಾನು ಮಾತು ಕೊಟ್ಟೆ.

ನಮ್ಮ ಓಣಿಯ ಕಟ್ಟಳೆ ಶಹಾಪುರದವರಿಗೆ ಗೊತ್ತಿಲ್ಲದಿದ್ದರೆ ಅದನ್ನೂ ಹೇಳುತ್ತೇನೆ. ಯುಗಾದಿಯ ಸುಣ್ಣಕ್ಕೆ ಮನೆ ಬರಿದು ಮಾಡುವಾಗ ಬಾಗಿಲ ಮುಂದಿನ ಕಟ್ಟೆಯ ಮೇಲೆ ಇಟ್ಟದ್ದು ಮನೆಯದು, ಕಟ್ಟೆಯ ಕೆಳಗೆ ಇಟ್ಟದ್ದು ಊರಿನದು. ಕೆಳಗಿದ್ದುದನ್ನು ಹೋಗುವವರು ಬರುವವರು ಯಾರೂ ಒಯ್ಯಬಹುದು, ಕೇಳುವ ಹಾಗಿಲ್ಲ. ತಪ್ಪಿ ಇಟ್ಟಿದ್ದರೆ, ಹಬ್ಬದ ತೋರಣ ಕಟ್ಟುವುದರೊಳಗೆ ಇಟ್ಟ ಕೈಯೇ ಬಂದು ದೈವದ ಮುಂದೆ ಎತ್ತಿಕೊಳ್ಳಬೇಕು. ಬೇರೆ ಕೈಗೆ ಹಕ್ಕಿಲ್ಲ.

ನಾನು ಬಂದಾಗ ಪಲ್ಲಂಗ ಮೇಲೂ ಇಲ್ಲ, ಕೆಳಗೂ ಇಲ್ಲ. ಯಾರು ಇಟ್ಟರು ಎಂದು ಕೇಳಿದೆ. ಭಾಗಣ್ಣ ನೆಲ ನೋಡುತ್ತ, "ನಾನ ಇಟ್ಟೇನಿ ಭಾವಾ. ಹಳೇದಂತ ತಿಳಕೊಂಡೆ" ಎಂದ. ಆಗ ನಾನು ಅಂದದ್ದು ಓಣಿಗೆಲ್ಲ ಕೇಳಿದೆ. "ಶಹಾಪುರದಾಗ ಮಂದಿ ಒಡವಿ ಹೊರಗ ಒಗಿಯೋದಕ್ಕ ಹಸನು ಅಂತಾರೇನು?" ಎಂದೆ. ಅದನ್ನು ಇಂದೂ ಅನ್ನುತ್ತೇನೆ. ನೀನು ಕೈಗೆ ಮೆತ್ತಿದ ಸುಣ್ಣ ತೊಳೆದುಕೊಂಡು "ನಡೀ ತಮ್ಮಾ" ಎಂದು ತವರಿನ ಮೋಟಾರು ಹತ್ತಿದೆ. ಗೋಡೆಯ ಸುಣ್ಣ ಇನ್ನೂ ಹಸಿಯಾಗಿತ್ತು.

ಪಲ್ಲಂಗ ಈಗ ಎಲ್ಲಿದೆ ಗೊತ್ತೇ? ಕಿರಾಣಿ ಅಂಗಡಿ ಬಸವಂತ್ರಾಯನ ಮುಂಗಟ್ಟಿನಲ್ಲಿ. ಅದರ ಮೇಲೆ ಅವನು ಹೊಟ್ಟೆ ಮೇಲೆ ಮಾಡಿ ಮಲಗಿದ್ದ. ನನ್ನನ್ನು ಕಂಡು, "ಬರ್ರಿ ಮಾಸ್ತರ, ಕೂಡ್ರಿ. ನವಾರ ಭಾಳ ಮೆತ್ತಗ ಅದ" ಎಂದ.

ಅದು ದಾವಲಬೀಯದು ಎಂದೆ.

"ಕಟ್ಟಿ ಕೆಳಗ ಇತ್ತರಿ. ಕೆಳಗ ಇದ್ದದ್ದಕ್ಕ ಹೆಸರು ಇರಂಗಿಲ್ಲ. ಓಡಿಹೋದೋರು ತಿರುಗಿ ಬರ್ತಾರಂತ ಯಾರು ಹೇಳ್ಯಾರ ನಿಮಗ?"

ಬರುತ್ತಾರೆ, ಹಬ್ಬದೊಳಗೇ ಬರುತ್ತೇವೆಂದು ಯಾದಗಿರಿಯ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದ್ದಾರೆ ಎಂದೆ. ಅವನು ಮಗ್ಗುಲು ಬದಲಿಸಿದ. "ಮಾಸ್ತರ, ನಿಮ್ಮ ಮನಿಯಾಕಿನ ಹೋಗ್ಯಾಳಂತ. ಮೊದಲು ಆಕಿನ್ನ ಕರಕೊಂಡ ಬರ್ರಿ. ಆಮ್ಯಾಲ ಮಂದಿ ಪಲ್ಲಂಗದ ಮಾತು."

ಅಂಗಡಿಯ ಮುಂದಿನ ಮಂದಿ ನಕ್ಕರು. ಇಡೀ ಸುರಪುರ ಕೈ ಮುಗಿದು ನೋಡಿದ ರಾಜನ ಪಾತ್ರದವನು ನಾನು, ಬೆಲ್ಲದ ಮೂಟೆಗಳ ನಡುವೆ ನಗೆಗೀಡಾಗಿ ನಿಂತೆ. ಕಸ ತೆಗೆಯಲು ಹೋಗಿ ನನ್ನ ಮಾತನ್ನೂ ಗುಡಿಸಿ ಹೊರಗೆ ಹಾಕಿದಿರಲ್ಲ. ಇದಕ್ಕೆ ಏನು ಹೇಳುತ್ತೀರಿ?

ಆದ್ದರಿಂದ ಭಾಗಣ್ಣಾ, ಎದ್ದು ನಿಲ್ಲು. ಅಮಾವಾಸ್ಯೆ ಹತ್ತಿರ ಬಂತು. ಅಷ್ಟರೊಳಗೆ ಸುರಪುರಕ್ಕೆ ಬಂದು, ದೈವದ ಮುಂದೆ ತಪ್ಪಾಯಿತೆಂದು ಹೇಳಿ, ನಿನ್ನ ಕೈಯಿಂದ ಪಲ್ಲಂಗ ಎತ್ತಿ ನಮ್ಮ ನಡುಮನೆಗೆ ತಂದು ಹಾಕು. ಬಾರದಿದ್ದರೆ ಅಕ್ಕನ ಮನೆಯ ಹೋಳಿಗೆ ಈ ವರ್ಷ ನಿನಗಿಲ್ಲ. ಸೂಗಮ್ಮಾ, ನೀನು ಬರುವುದು ಬಿಡುವುದು ನಿನ್ನ ಮರ್ಜಿ. ಬಿಳಿ ಗೋಡೆಗಳ ಜೊತೆ ಮಾತಾಡಿಕೊಂಡು ಇರಲು ನನಗೆ ಬರುತ್ತದೆ.

ಇಂತು ನಿನ್ನ ಗಂಡ,
ಬಯಲಾಟದ ಮಾಸ್ತರ ಲಿಂಗಣ್ಣ

ತಾ.ಕ.: ಸೂಗೀ, ಇಲ್ಲಿಂದ ಮುಂದೆ ಜೋರಾಗಿ ಓದಬೇಡ. ಪತ್ರ ಮುಗಿಯಿತು ಅನ್ನು, ದೈವ ಏಳಲಿ. ಹಿತ್ತಲಿಗೆ ಹೋಗಿ ಒಬ್ಬಳೇ ಓದಿಕೋ.

ಸಹಿ ಹಾಕುತ್ತಿರುವಾಗಲೇ ದಾವಲಬೀ ಬಂದಳು. ದಸ್ತಗೀರಸಾಬ ಅವರ ಮನೆಯ ಬೀಗ ತೆಗೆಯುತ್ತಿದ್ದ. ನಾನು ತಲೆ ತಗ್ಗಿಸಿ ಪಲ್ಲಂಗದ ಸುದ್ದಿ ಹೇಳಿದೆ, ಭಾಗಣ್ಣನ ಹೆಸರು ಹಿಡಿದು ಬೈದೆ. ಅವಳು, "ಆ ತಮ್ಮನ್ನ ಯಾಕ ಬೈತೀರಿ ಅಣ್ಣಾ? ಸೂಗಕ್ಕನ ಇಟ್ಟಿರ್ತಾಳ ಬಿಡ್ರಿ" ಎಂದಳು. ಆಮೇಲೆ ಎಲ್ಲ ಹೇಳಿದಳು.

ಫೌಜು ಬರುವ ಮೊದಲು, ನಾನು ಬಳಿಚಕ್ರದಲ್ಲಿ ಆಟ ಕಟ್ಟುತ್ತಿದ್ದಾಗ, ನಿಜಾಮರ ಕಡೆಯ ರಜಾಕಾರರು ನಮ್ಮ ಓಣಿಗೆ ನುಗ್ಗಿದರಂತೆ. ದಾವಲಬೀ ಹಿತ್ತಲ ಗೋಡೆ ದಾಟಿಸಿ ನಿನ್ನನ್ನು ತನ್ನ ಮನೆಗೆ ಎಳೆದುಕೊಂಡು ಹೋಗಿ ಆ ಪಲ್ಲಂಗದ ಕೆಳಗೆ ತಳ್ಳಿ, ಮೇಲೆ ಜ್ವರದವಳಂತೆ ಹೊದ್ದು ಮಲಗಿದಳಂತೆ. ಅವರು ಬಂದೂಕಿನ ಹಿಂಬದಿಯಿಂದ ನಿನ್ನ ಕಿವಿಯ ಪಕ್ಕದ ನೆಲ ಕುಟ್ಟಿದರೂ ನೀನು ಉಸಿರು ಬಿಡಲಿಲ್ಲವಂತೆ. ಅವಳು ಊರು ಬಿಡುವಾಗ, ಇದನ್ನು ನಿಮ್ಮಲ್ಲಿ ಇಡಲೇ ಎಂದು ಕೇಳಿದ್ದಕ್ಕೆ ಮೊದಲು ಹೂಂ ಎಂದವಳೂ ನೀನೇ. ಜೀವ ಉಳಿಸಿದವಳಿಗೆ ಬೇಡ ಎನ್ನಲು ನಿನಗೆ ಬಾಯಿ ಬರಲಿಲ್ಲ. ಇಷ್ಟು ತಿಂಗಳು ನೀನು ಅದರ ಪಕ್ಕದಲ್ಲೇ ಮಲಗಿದೆ. ನಾನೋ ಅದನ್ನು ಸಿಂಹಾಸನ ಮಾಡಿ, ಕೋಲಿನಿಂದ ನೆಲ ಕುಟ್ಟಿ ರಾಜನ ಪಾತ್ರದ ಮಾತು ಕಲಿತೆ. ನೀನು ಅಡುಗೆಮನೆಗೆ ಓಡುತ್ತಿದ್ದೆ. ನನ್ನ ದನಿಗೆ ಅಂಜಿದಳೆಂದು ನಾನು ಬೀಗುತ್ತಿದ್ದೆ. ಕಡೆಗೆ ಅದನ್ನು ಕಟ್ಟೆಯ ಕೆಳಗೆ ಇಟ್ಟವಳು ನೀನು, ತಪ್ಪನ್ನು ತನ್ನ ತಲೆಗೆ ಹಾಕಿಕೊಂಡವನು ಭಾಗಣ್ಣ.

ನನಗೆ ಒಂದು ಮಾತು ಹೇಳಬಾರದಾಗಿತ್ತೇ? ಆ ಸಿಟ್ಟು ಮಾತ್ರ ಇದೆ, ಅದು ಇಳಿಯುವುದಿಲ್ಲ.

ಭಾಗಣ್ಣ ಬರುವುದು ಬೇಡ. ನೀನೂ ಬಂದು ದೈವದ ಮುಂದೆ ಆ ದಿನದ ಕಥೆ ಬಿಚ್ಚುವುದು ಬೇಡ. ಈ ಪತ್ರವನ್ನು ಸಂಜೆಯ ಮೋಟಾರಿಗೆ ಕೊಟ್ಟು, ನಾಳೆ ಮುಂಜಾನೆ ನಾನೇ ಚಾವಡಿಯ ಮುಂದೆ ನಿಲ್ಲುತ್ತೇನೆ. ಸೈದಾಪುರಕ್ಕೆ ಹೊರಡುವ ಗಡಿಬಿಡಿಯಲ್ಲಿ ಪಲ್ಲಂಗ ಕೆಳಗೆ ಇಟ್ಟವನು ನಾನು, ಭಾವಮೈದುನನನ್ನು ಸುಮ್ಮನೆ ಬೈದೆ ಎನ್ನುತ್ತೇನೆ. ಬಸವಂತ್ರಾಯ ನಗಲಿ. ಮುಖಕ್ಕೆ ಬಣ್ಣ ಬಳಿದುಕೊಂಡವನನ್ನು ಇಷ್ಟು ವರ್ಷ ರಾಜನೆಂದು ನಂಬಿದ ಊರು, ಇದನ್ನು ನಂಬದೆ ಎಲ್ಲಿಗೆ ಹೋದೀತು? ಪಲ್ಲಂಗವನ್ನು ನಮ್ಮ ಕಟ್ಟೆ ಹತ್ತಿಸದೆ ನೇರವಾಗಿ ದಾವಲಬೀಯ ಮನೆಗೆ ಮುಟ್ಟಿಸಿ, ಬಿಸಿಲೇರುವ ಮೊದಲು ಶಹಾಪುರದ ಮೋಟಾರು ಹತ್ತುತ್ತೇನೆ.