ಗುಂಡಿ ಹತ್ತದ ಕೋಟು

ಡೆಟ್ರಾಯಿಟ್, ಭಾನುವಾರ

ಪ್ರೀತಿಯ ಅಜ್ಜೀ,

ನಮ್ಮ ಕಪ್ಪು ಜನರ ಲೆದರ್ ಕ್ಲಬ್ಬಿನಲ್ಲಿ, ಅದೇ ಚರ್ಮದುಡುಪು, ಚಾವಟಿ, ಕೈಕೋಳದ ಆಟ ಇಷ್ಟಪಡುವವರ ಕೂಟದಲ್ಲಿ, ಮೊದಲ ಚರ್ಮದ ಕೋಟನ್ನು ಯಾರೂ ಕೊಂಡುಕೊಳ್ಳುವಂತಿಲ್ಲ, ಹಿರಿಯರೇ ಹೊಲಿಸಿ ತೊಡಿಸಬೇಕು. ನಿನ್ನೆ ನನಗೆ ತೊಡಿಸಿದರು. ಎದೆಯ ಹತ್ತಿರ ಗುಂಡಿಯೇ ಹತ್ತಲಿಲ್ಲ. ಎಳೆದು ಹಾಕಿದ್ದಕ್ಕೆ ಎರಡು ಕಿತ್ತು ಹಾರಿದವು! ಅಳತೆ ತೆಗೆದದ್ದು ನಾನು ಹೆಣ್ಣಾಗುವ ಮಾತ್ರೆ ಶುರು ಮಾಡುವ ಮೊದಲು.

"ಅಯ್ಯೋ ಮಗಳೇ, ಟೇಪ್ ಹಿಡ್ದಿದ್ದು ನಾನೇ ಕಣೇ!" ಎಂದು ಹಿರಿಯರಾದ ಆಗಸ್ಟಸ್ ಅತ್ತೇಬಿಟ್ಟರು.

"ಅಳ್ಬೇಡಿ ಸಾರ್, ಬೆಳ್ದಿರೋದು ನಾನು," ಎಂದೆ.

ಬೆಟ್ಟದಂಥ ನಾಲ್ವರು ಗಂಡಸರು ಸೊಂಟದ ಚಾವಟಿ, ಕೈಕೋಳ ಬಿಚ್ಚಿಟ್ಟು, ಸೂಜಿಗೆ ದಾರ ಪೋಣಿಸುತ್ತ, ಕೋಟು ಸಡಿಲಿಸುವುದು ಹೇಗೆಂದು ನಿನ್ನ ಚರ್ಚಿನ ಹೊಲಿಗೆ ಕೂಟದ ಹೆಂಗಸರಿಗಿಂತ ಜೋರಾಗಿ ಜಗಳವಾಡಿದರು.

ಆರೋಗ್ಯವಾಗಿದ್ದೇನೆ. ಆ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳಿದ್ದೆಯಲ್ಲ? ಎರಡೂ ಗುಂಡಿ ತೆಗೆದಿಟ್ಟಿದ್ದೇನೆ, ತಂದು ತೋರಿಸುತ್ತೇನೆ.

ನಿನ್ನ ಮೊಮ್ಮಗಳು,
ವೆರ್ನೆಲ್